ಬೀಗವಿಲ್ಲದ ಮನೆ ಯಾರದಾಗಿತ್ತು?

‘ನಮ್ಮ ಕಾಲದಲ್ಲಿ ಮನೆಗೆ ಬೀಗ ಹಾಕುವ ಕ್ರಮವೇ ಇರಲಿಲ್ಲ.’ ಪುತ್ತೂರು, ಸುಳ್ಯ, ಕಡಬ ಸೀಮೆಯ ನೆನಪಿನ ಬರಹಗಳನ್ನು ಅಷ್ಟಿಷ್ಟು ಓದಿದವರಿಗೂ ಈ ಮಾತು ಹೊಸದಲ್ಲ. ಅಭಿನಂದನ ಗ್ರಂಥಗಳಲ್ಲಿ, ಶಾಲೆಯ ಸ್ಮರಣ ಸಂಚಿಕೆಗಳಲ್ಲಿ, ಭಾನುವಾರದ ಪುರವಣಿಗಳಲ್ಲಿ ಇದು ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಬಾಗಿಲು ಸದಾ ತೆರೆದಿತ್ತು, ದಾರಿಹೋಕರಿಗೆ ಜಗಲಿಯಲ್ಲಿ ಬೆಲ್ಲ ನೀರು ಸಿಗುತ್ತಿತ್ತು, ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೂ ಊಟವಿತ್ತು. ಈಗ ನೋಡಿ, ಗೇಟಿಗೊಂದು ಬೀಗ, ಗ್ರಿಲ್ಲಿಗೊಂದು ಬೀಗ, ಬಾಗಿಲಿಗೆ ಎರಡು ಬೀಗ, ಮೇಲೊಂದು ಕ್ಯಾಮೆರಾ. ಬರಹ ಸಾಮಾನ್ಯವಾಗಿ ಇಲ್ಲಿಗೆ ನಿಟ್ಟುಸಿರು ಬಿಟ್ಟು ಮುಗಿಯುತ್ತದೆ.

ಈ ನಿಟ್ಟುಸಿರು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಆ ವಾಕ್ಯದಲ್ಲಿರುವ ‘ನಮ್ಮ’ ಎಂಬ ಪದ ಯಾರನ್ನು ಒಳಗೊಂಡಿದೆ, ಯಾರನ್ನು ಹೊರಗಿಟ್ಟಿದೆ ಎಂದು ಕೇಳದೆ ಅದನ್ನು ದಾಟಿಹೋಗುವುದು ವಿಮರ್ಶೆಯ ಕೆಲಸವಲ್ಲ. ಬೀಗವಿಲ್ಲದ ಆ ಮನೆಗಳ ಬಗ್ಗೆ ಇದೇ ನೆಲದ ಕನ್ನಡ ಕಾದಂಬರಿಗಳು ಏನು ಹೇಳುತ್ತವೆ? ಶಿವರಾಮ ಕಾರಂತರು ತಮ್ಮ ಬದುಕಿನ ದೊಡ್ಡ ಭಾಗವನ್ನು ಪುತ್ತೂರಿನಲ್ಲಿ ಕಳೆದವರು. ಕುಳಕುಂದ ಶಿವರಾಯರೆಂಬ ಮೂಲ ಹೆಸರಿನ ನಿರಂಜನರು ಸುಬ್ರಹ್ಮಣ್ಯದ ಪಕ್ಕದ ಕುಳಕುಂದದವರು. ಪುತ್ತೂರಿನ ಬೊಳುವಾರಿನ ಹೆಸರನ್ನೇ ತಮ್ಮ ಹೆಸರಿಗೆ ಅಂಟಿಸಿಕೊಂಡ ಬೊಳುವಾರು ಮಹಮದ್ ಕುಂಞಿ ನಮ್ಮ ನಡುವೆಯೇ ಇದ್ದಾರೆ. ಇಷ್ಟು ಸಣ್ಣ ಸೀಮೆಗೆ ಇಷ್ಟು ದೊಡ್ಡ ಕಥನ ಪರಂಪರೆ ಇರುವಾಗ, ನಮ್ಮ ನೆನಪಿನ ವಾಕ್ಯವನ್ನು ಅದರ ಎದುರು ಇಟ್ಟು ನೋಡಬಹುದು.

*

ಮೊದಲು ಪದಗಳನ್ನೇ ನೋಡೋಣ. ಉತ್ತರ ಕರ್ನಾಟಕದಲ್ಲಿ ಬಾಗಿಲಿಗೆ ‘ಕೀಲಿ’ ಹಾಕುತ್ತಾರೆ. ನಮ್ಮ ಕಡೆ ಹಾಕುವುದು ಬೀಗ, ತೆರೆಯುವುದು ಬೀಗದಕೈಯಿಂದ. ಎರಡು ಕಡೆಯೂ ಕೊನೆಗೆ ಉಳಿಯುವುದು ‘ಕೈ’: ಕೀಲಿಕೈ, ಬೀಗದಕೈ. ಬೀಗವನ್ನು ತೆರೆಯುವ ಸಾಧನವನ್ನು ಕನ್ನಡ ಒಂದು ಕೈಯಾಗಿ ಕಂಡಿದೆ. ಹಾಗಾಗಿ ಬೀಗದ ಮಾತು ಬಂದಲ್ಲೆಲ್ಲ ‘ಅದು ಯಾರ ಕೈಯಲ್ಲಿದೆ’ ಎಂಬ ಪ್ರಶ್ನೆ ಭಾಷೆಯೊಳಗೇ ಕೂತಿದೆ.

ಬೀಗ ಬರುವ ಮೊದಲು ಈ ಸೀಮೆಯ ಮನೆಗಳಿಗೆ ಭದ್ರತೆ ಇರಲಿಲ್ಲವೇ? ಇತ್ತು, ಅದು ಬೇರೆ ಬೇರೆ ಕಡೆ ಹಂಚಿಹೋಗಿತ್ತು. ತೋಟದ ದಾರಿಗೆ ತಡಮೆ. ಅದು ದನವನ್ನು ತಡೆಯುತ್ತದೆ, ಮನುಷ್ಯನನ್ನು ಬಿಡುತ್ತದೆ. ಬಾಗಿಲಿಗೆ ಒಳಗಿನಿಂದ ಅಗುಳಿ. ಮನೆಯಲ್ಲಿ ಯಾರಾದರೂ ಇದ್ದರೆ ಮಾತ್ರ ಅಗುಳಿಗೆ ಅರ್ಥ. ಹೊರಗಿನಿಂದ ಹಾಕಬೇಕಾದ ಬೀಗ ಬೇಕಾಗುವುದು ಮನೆಯಲ್ಲಿ ಯಾರೂ ಇಲ್ಲದಾಗ. ಕೂಡುಕುಟುಂಬದ ಮನೆಯಲ್ಲಿ ಯಾರೂ ಇಲ್ಲದ ಗಳಿಗೆ ಎಂಬುದೇ ಇರಲಿಲ್ಲ. ಒಬ್ಬ ಅಜ್ಜಿಯಾದರೂ ಒಲೆಯ ಬಳಿ ಇರುತ್ತಿದ್ದಳು. ‘ಬೀಗವಿರಲಿಲ್ಲ’ ಎಂಬುದರ ಮೊದಲ ಅರ್ಥ ಕಳ್ಳರಿರಲಿಲ್ಲ ಎಂದಲ್ಲ, ಮನೆ ಎಂದೂ ಖಾಲಿಯಾಗುತ್ತಿರಲಿಲ್ಲ ಎಂದು. ಆ ಅಜ್ಜಿಗೆ ಹೊರಗೆ ಹೋಗುವ ಬಿಡುವೇ ಇರಲಿಲ್ಲ ಎಂಬುದು ಅದರ ಇನ್ನೊಂದು ಮುಖ.

ಒಳಗೆ ಬೀಗ ಇದ್ದೇ ಇತ್ತು. ಭತ್ತದ ಪತ್ತಾಯಕ್ಕೆ ಬೀಗ, ಚಿನ್ನದ ಪೆಟ್ಟಿಗೆಗೆ ಬೀಗ, ದೈವದ ಭಂಡಾರಕ್ಕೆ ಬೀಗ. ಮುಂಬಾಗಿಲು ತೆರೆದಿದ್ದ ಮನೆಯಲ್ಲೇ ಪತ್ತಾಯ ಮುಚ್ಚಿತ್ತು. ಹೊರಗಿನ ಕಳ್ಳನಿಗಿಂತ ಒಳಗಿನ ಕೈಗಳ ಮೇಲೆ ಕಣ್ಣಿಟ್ಟ ವ್ಯವಸ್ಥೆ ಅದು. ಕೆಲಸದವರು, ಸೊಸೆಯಂದಿರು, ಹಸಿದ ಮಕ್ಕಳು, ಪಾಲಿನ ಲೆಕ್ಕ ಕೇಳುವ ದಾಯಾದಿಗಳು. ಸೊಂಟದ ಬೀಗದಕೈ ಗೊಂಚಲು ಯಜಮಾನಿಕೆಯ ಗುರುತಾದದ್ದು ಇದರಿಂದಲೇ.

ಬೀಗದ ಬಲವನ್ನೂ ಇಲ್ಲಿನ ಮನೆಗಳ ಕಟ್ಟೋಣದ ಜೊತೆ ಇಟ್ಟೇ ನೋಡಬೇಕು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಮಾಡುಗಳು ಮೆಲ್ಲಗೆ ಹೆಂಚಿನ ಮಾಡುಗಳಾದವು. ಹೆಂಚಿನ ಮಾಡಿನ ಮನೆಗೆ ಎಷ್ಟು ಗಟ್ಟಿ ಬೀಗ ಜಡಿದರೂ ಮೇಲಿನ ನಾಲ್ಕು ಹೆಂಚು ಸರಿಸಿದರೆ ಒಳಗೆ ಇಳಿಯಬಹುದು. ಇದು ಮನೆಯವರಿಗೂ ಗೊತ್ತು, ಕಳ್ಳನಿಗೂ ಗೊತ್ತು. 1897ರಲ್ಲಿ ಅರ್ದೇಶಿರ್ ಗೋದ್ರೆಜ್ ಮುಂಬಯಿಯಲ್ಲಿ ಬೀಗದ ಉದ್ಯಮ ಶುರುಮಾಡಿ, ಆ ಹೆಸರು ಬೀಗಕ್ಕೇ ಪರ್ಯಾಯವೆಂಬಂತೆ ಹಳ್ಳಿಹಳ್ಳಿಗೂ ಬಂದಾಗಲೂ ಹೆಂಚು ಹೆಂಚಾಗಿಯೇ ಇತ್ತು. ಹತ್ತೊಂಬತ್ತನೇ ಶತಮಾನದ ನಡುವೆ ಅಮೆರಿಕದ ಲೈನಸ್ ಯೇಲ್ ರೂಪಿಸಿದ, ಇಂದಿಗೂ ನಮ್ಮ ಬಹುಪಾಲು ಬಾಗಿಲುಗಳಲ್ಲಿರುವ ಬೀಗದ ಒಳಗೆ ಸ್ಪ್ರಿಂಗಿನ ಮೇಲೆ ಕೂತ ಪುಟ್ಟ ಪಿನ್ನುಗಳಿರುತ್ತವೆ. ಸರಿಯಾದ ಕೈಯ ಹಲ್ಲುಗಳು ಅವನ್ನೆಲ್ಲ ಒಂದೇ ಗೆರೆಗೆ ಎತ್ತಿದಾಗ ಮಾತ್ರ ಅದು ತಿರುಗುತ್ತದೆ. ಜಾಣ ಯಂತ್ರವೇ ಸರಿ. ಆದರೆ ಅದನ್ನು ಕೂರಿಸಿದ ದಾರಂದ ಗೆದ್ದಲು ತಿಂದಿದ್ದರೆ ಜಾಣತನ ಉಪಯೋಗಕ್ಕೆ ಬರುವುದಿಲ್ಲ. ಬೀಗ ಕೊಡುವುದು ಸ್ವಲ್ಪ ಸಮಯವನ್ನು, ಅಷ್ಟೆ. ಆ ಸಮಯದಲ್ಲಿ ನೋಡುವವರು, ಕೂಗಿದರೆ ಓಡಿಬರುವವರು ಇರಬೇಕು. ಫ್ರೆಂಚ್ ಚಿಂತಕ ಗ್ಯಾಸ್ಟನ್ ಬ್ಯಾಶೆಲಾರ್ 1958ರ ತನ್ನ ಪುಸ್ತಕದಲ್ಲಿ ಮನೆಯ ಮೂಲೆ, ಪೆಟ್ಟಿಗೆ, ಬೀಗಗಳನ್ನು ಮನಸ್ಸಿನ ರೂಪಗಳಾಗಿ ಓದಿದ. ಅವನ ಪ್ರಕಾರ ಬೀಗ ಬಲಕ್ಕಿಂತ ಹೆಚ್ಚಾಗಿ ಮನಸ್ಸಿನ ಹೊಸ್ತಿಲು. ನಮ್ಮ ಹೆಂಚಿನ ಮನೆಯ ಬೀಗವೂ ಹಾಗೆಯೇ. ಅದು ಕಳ್ಳನನ್ನು ತಡೆಯುವುದಕ್ಕಿಂತ ಹೆಚ್ಚಾಗಿ ನೆರೆಯವರಿಗೆ ಹೇಳುವ ಮಾತು: ‘ನಾವಿಲ್ಲ, ನೀವು ನೋಡಿಕೊಳ್ಳಿ.’

*

ಈಗ ‘ಚೋಮನ ದುಡಿ’ಗೆ ಬರೋಣ. ಕಾರಂತರ ಈ ಕಾದಂಬರಿ 1933ರದ್ದು. ನಾವು ಅದನ್ನು ಭೂಮಿಯ ಕಾದಂಬರಿಯಾಗಿ ಓದುತ್ತ ಬಂದಿದ್ದೇವೆ, ಅದು ಸರಿಯೇ. ಬೇಸಾಯಗಾರನಾಗಬೇಕೆಂಬ ಚೋಮನ ಆಸೆ, ಎತ್ತುಗಳಿದ್ದೂ ಹೂಡಲು ಹೊಲವಿಲ್ಲದ ಅವನ ಸ್ಥಿತಿ ಅದರ ಬೆನ್ನೆಲುಬು. ಆದರೆ ಅದನ್ನು ಬಾಗಿಲಿನ ಕಾದಂಬರಿಯಾಗಿಯೂ ಓದಬಹುದು. ಚೋಮ ಒಡೆಯ ಸಂಕಪ್ಪಯ್ಯನ ಮನೆಗೆ ಬರುತ್ತಾನೆ, ಆದರೆ ಮನೆಯೊಳಗೆ ಬರುವುದಿಲ್ಲ. ಅವನ ಮಾತು, ಬೇಡಿಕೆ, ಅವಮಾನ ಎಲ್ಲವೂ ನಡೆಯುವುದು ಹೊರಗೆ, ದೂರದಲ್ಲಿ. ಅವನನ್ನು ತಡೆಯಲು ಆ ಮನೆಗೆ ಬೀಗ ಬೇಕಿರಲಿಲ್ಲ. ತೆರೆದ ಬಾಗಿಲಿನ ಎದುರೂ ಅವನು ಹೆಜ್ಜೆ ಎತ್ತುವಂತಿರಲಿಲ್ಲ.

ಬೀಗವಿಲ್ಲದ ಮನೆಯ ಗುಟ್ಟು ಇಲ್ಲಿದೆ. ಜಾತಿ ಎಂಬುದು ಆ ಅಂಗಳದ ಸುತ್ತ ಹಾಕಿದ್ದ ಬೀಗ. ಯಾರು ತಡಮೆಯ ಆಚೆ ನಿಲ್ಲಬೇಕು, ಯಾರು ಅಂಗಳದ ಕೆಳಗೆ, ಯಾರು ಅಂಗಳದಲ್ಲಿ, ಯಾರು ಜಗಲಿಯಲ್ಲಿ, ಯಾರು ಚಾವಡಿಯಲ್ಲಿ, ಯಾರು ಅಡುಗೆಮನೆಯವರೆಗೆ ಎಂಬ ಅಳತೆ ಪ್ರತಿಯೊಬ್ಬರ ಕಾಲಿಗೂ ಗೊತ್ತಿತ್ತು. ಕಬ್ಬಿಣದ ಬೀಗವನ್ನು ಒಡೆಯಬಹುದು, ಕಳ್ಳಕೈ ಮಾಡಿಸಬಹುದು. ಈ ಬೀಗ ತಲೆಯೊಳಗೆ ಇತ್ತು, ಅದರ ಕೈ ಮಾತ್ರ ಇನ್ನೊಬ್ಬರಲ್ಲಿತ್ತು. ದಾರಿಹೋಕರಿಗೆಲ್ಲ ಬೆಲ್ಲ ನೀರು ಕೊಡುತ್ತಿದ್ದೆವು ಎಂಬ ನೆನಪಿನಲ್ಲಿ ಯಾವ ದಾರಿಹೋಕರಿಗೆ ಯಾವ ಪಾತ್ರೆಯಲ್ಲಿ, ಎಷ್ಟು ಎತ್ತರದಿಂದ ಸುರಿದು ಎಂಬ ವಿವರ ಇರುವುದಿಲ್ಲ.

1975ರಲ್ಲಿ ಬಿ.ವಿ. ಕಾರಂತರು ಈ ಕಾದಂಬರಿಯನ್ನು ಸಿನಿಮಾ ಮಾಡಿದರು. ವಾಸುದೇವ ರಾವ್ ಚೋಮನಾದರು, ಚಿತ್ರಕ್ಕೆ ಸ್ವರ್ಣಕಮಲ ಬಂತು. ಕೊನೆಯಲ್ಲಿ ಚೋಮ ನೇಗಿಲನ್ನು ಕಡಿದುಹಾಕುತ್ತಾನೆ, ಎತ್ತುಗಳನ್ನು ಕಾಡಿಗೆ ಅಟ್ಟುತ್ತಾನೆ, ಗುಡಿಸಲೊಳಗೆ ಸೇರಿ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾನೆ. ಈ ಅಂತ್ಯವನ್ನು ಸೋಲು ಎಂದವರಿದ್ದಾರೆ, ಪ್ರತಿಭಟನೆ ಎಂದವರಿದ್ದಾರೆ. ನನಗೆ ಮುಖ್ಯವಾಗುವುದು ಆ ಬಾಗಿಲು. ಜೀವಮಾನವೆಲ್ಲ ಬೇರೆಯವರ ಬಾಗಿಲಾಚೆ ನಿಂತವನು ಕೊನೆಗೊಮ್ಮೆ ತನ್ನ ಬಾಗಿಲನ್ನು ತಾನೇ ಹಾಕಿಕೊಳ್ಳುತ್ತಾನೆ. ಸಾಲಕ್ಕೆ ಬಂದ ಮನ್ವೇಲನಿಗೂ, ಭೂಮಿ ಕೊಡದ ಒಡೆಯನಿಗೂ, ನೋಡುತ್ತ ಕೂತ ನಮಗೂ ಅಲ್ಲಿ ಪ್ರವೇಶವಿಲ್ಲ. ಒಳಗಿನಿಂದ ಹಾಕಿಕೊಳ್ಳಬಲ್ಲ ಒಂದು ಬಾಗಿಲು ಎಂಬುದು ಎಷ್ಟು ದೊಡ್ಡ ಆಸ್ತಿ ಎಂದು ಸಂಕಪ್ಪಯ್ಯನ ಮನೆಯವರಿಗೆ ತಿಳಿಯಲು ಕಾರಣವೇ ಇರಲಿಲ್ಲ. ಚೋಮನಿಗೆ ಅದು ಸಿಕ್ಕಿದ್ದು ಸಾಯುವಾಗ.

ಬೀಗವನ್ನು ಬರೀ ಅಪನಂಬಿಕೆಯ ಗುರುತು ಎನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. 1974ರ ಭೂಸುಧಾರಣೆಯ ತಿದ್ದುಪಡಿ ದಕ್ಷಿಣ ಕನ್ನಡದಲ್ಲಿ ಬೇರೆಡೆಗಿಂತ ಗಟ್ಟಿಯಾಗಿಯೇ ಜಾರಿಗೆ ಬಂತು. ಗೇಣಿ ಒಕ್ಕಲಾಗಿದ್ದ ಎಷ್ಟೋ ಮನೆಗಳು ಡಿಕ್ಲರೇಷನ್ ಕೊಟ್ಟು, ಭೂನ್ಯಾಯಮಂಡಳಿಯ ಎದುರು ನಿಂತು, ತಮ್ಮ ನೆಲಕ್ಕೆ ತಾವೇ ಒಡೆಯರಾದವು. ಗೇಣಿಯ ಕಾಲದಲ್ಲಿ ಒಡೆಯನ ಕಡೆಯವರು ಯಾವ ಹೊತ್ತಿಗೂ ಅಂಗಳಕ್ಕೆ ಬಂದು ಫಸಲು ಅಳೆಯಬಹುದಿತ್ತು. ಅಂಥ ಮನೆಯ ಬಾಗಿಲಿಗೆ ಮೊದಲ ಸಲ ಬಿದ್ದ ಬೀಗ ಊರಿನ ನಂಬಿಕೆ ಕುಸಿದದ್ದರ ಗುರುತಲ್ಲ, ‘ಇದು ನಮ್ಮದು’ ಎಂಬ ಘೋಷಣೆ. ಕಾಲೊನಿಯ ಐದು ಸೆಂಟ್ಸಿನ ಮನೆಯ ಬೀಗಕ್ಕೂ ಇದೇ ಮಾತು. ಇದಕ್ಕೆ ವಿರುದ್ಧವಾದ ಚಿತ್ರವೂ ಇಲ್ಲೇ ಇದೆ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳು ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆ ನಿಂತವು. ಅವರ ಮನೆ ಎಂದರೆ ನಿಗಮದ ಕ್ವಾರ್ಟರ್ಸ್. ಬೀಗದಕೈ ಅವರ ಬಳಿ ಇದೆ, ಮನೆ ಅವರದಲ್ಲ. ಕೆಲಸ ಮುಗಿದ ದಿನ ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ಆ ಬಾಗಿಲ ಮೇಲೆ ನೇತಾಡುತ್ತಲೇ ಇರುತ್ತದೆ. ಈ ಬದುಕು ಕನ್ನಡದ ಕಥೆಯೊಳಗೆ ಸಾಕಷ್ಟು ಬಂದಿಲ್ಲ.

*

ಖಾಸಗಿ ಮನೆಯ ಬೀಗದಿಂದ ಸರಕಾರದ ಬೀಗಕ್ಕೆ ಹೋದರೆ ಸಿಗುವುದು 1837. ಕೊಡಗು ರಾಜ್ಯಕ್ಕೆ ಸೇರಿದ್ದ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕಂಪನಿ ಸರಕಾರ 1834ರಲ್ಲಿ ಕೆನರಾ ಜಿಲ್ಲೆಗೆ ಸೇರಿಸಿತು. ಅದುವರೆಗೆ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಇನ್ನು ನಗದಾಗಿ ಕೊಡಬೇಕಾಯಿತು. ನಗದು ಇಲ್ಲದ ರೈತ ಸಾಲಗಾರನ ಬಾಗಿಲು ತಟ್ಟಬೇಕಾಯಿತು. ಸಿಟ್ಟು ಬಲಿತು, ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ನೇತೃತ್ವದಲ್ಲಿ ರೈತರ ದಂಡು ಹೊರಟಿತು. ಮುಂದಾಳಾಗಿ ನಿಂತ ಪುಟ್ಟಬಸಪ್ಪ ಕಲ್ಯಾಣಸ್ವಾಮಿಯೆಂದು ಹೆಸರಾದ. ಬೆಳ್ಳಾರೆಯ ಖಜಾನೆ ಅವರ ವಶವಾಯಿತು. ದಂಡು ಪುತ್ತೂರು ದಾಟಿ ಏಪ್ರಿಲ್ 5ರಂದು ಮಂಗಳೂರು ಸೇರಿ, ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿ, 13 ದಿನ ಆಳಿತು. ಆಮೇಲೆ ಕಂಪನಿಯ ಸೈನ್ಯ ಬಂತು, ಮುಂದಾಳುಗಳು ನೇಣಿಗೇರಿದರು.

ಊರಿನ ಬಾಯಲ್ಲಿ ಇದು ಬಹುಕಾಲ ‘ಕಲ್ಯಾಣಪ್ಪನ ಕಾಟಕಾಯಿ’ಯಾಗಿ ಉಳಿಯಿತು. ಕಾಟಕಾಯಿ ಎಂಬ ಮಾತಿನಲ್ಲಿ ಲೂಟಿಯ, ಉಪದ್ರದ ಛಾಯೆ ಇದೆ. ನಿರಂಜನರು ‘ಕಲ್ಯಾಣಸ್ವಾಮಿ’ ಕಾದಂಬರಿಯಲ್ಲಿ ಮಾಡಿದ ದೊಡ್ಡ ಕೆಲಸವೆಂದರೆ ಈ ಛಾಯೆಯನ್ನು ಪ್ರಶ್ನಿಸಿದ್ದು. ಕಾದಂಬರಿಯ ಒಳಗಿನಿಂದ ನೋಡಿದರೆ ಬೆಳ್ಳಾರೆಯ ಖಜಾನೆಯಲ್ಲಿ ಇದ್ದದ್ದು ರೈತರ ಪತ್ತಾಯದಿಂದ ಹೋದದ್ದೇ. ಹಾಗಾದರೆ ಬೀಗ ಒಡೆದವನು ಕಳ್ಳನೋ, ಬೀಗ ಹಾಕಿದವನೋ? ಈ ಪ್ರಶ್ನೆಗೆ ಇತಿಹಾಸದ ದಾಖಲೆ ಒಂದು ಉತ್ತರ ಕೊಡುತ್ತದೆ, ಏಕೆಂದರೆ ದಾಖಲೆ ಬರೆದವನ ಕೈಯಲ್ಲೇ ಬೀಗದಕೈಯೂ ಇತ್ತು. ಕಾದಂಬರಿ ಇನ್ನೊಂದು ಉತ್ತರ ಕೊಡುತ್ತದೆ. 2022ರಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತಾಗ ಸಾರ್ವಜನಿಕ ನೆನಪೂ ಕಾದಂಬರಿಯ ಕಡೆಗೆ ವಾಲಿತೆನ್ನಬಹುದು. ಆದರೆ ಪ್ರತಿಮೆ ಉತ್ತರವನ್ನು ಗಟ್ಟಿ ಮಾಡಿಬಿಡುತ್ತದೆ, ಕಾದಂಬರಿ ಪ್ರಶ್ನೆಯನ್ನು ಜೀವಂತವಾಗಿ ಇಡುತ್ತದೆ. ಎರಡೂ ಒಂದಲ್ಲ.

*

ಹೆಣ್ಣಿನ ಕಡೆಯಿಂದ ನೋಡಿದರೆ ಬಾಗಿಲಿನ ಲೆಕ್ಕವೇ ಬೇರೆ. ತುಳುನಾಡಿನಲ್ಲಿ ಸೋಣ ತಿಂಗಳಿಡೀ ಹೊಸ್ತಿಲು ಪೂಜೆ ನಡೆಯುತ್ತದೆ. ಬೆಳಗ್ಗೆ ಹೆಂಗಸರು ಹೊಸ್ತಿಲನ್ನು ತೊಳೆದು, ಬರೆದು, ಹೂವಿಡುತ್ತಾರೆ. ಮನೆ ಕಾಯುವುದು ಬೀಗವಲ್ಲ, ಹೊಸ್ತಿಲು ಎಂಬ ನಂಬಿಕೆಯಿದು. ಚೆಂದದ ಆಚರಣೆ. ಆದರೆ ಹೊಸ್ತಿಲನ್ನು ಪೂಜಿಸುವವಳಿಗೇ ಅದನ್ನು ದಾಟುವ ಸ್ವಾತಂತ್ರ್ಯ ಎಷ್ಟಿತ್ತು? ಬೀಗದಕೈ ಗೊಂಚಲು ಸೊಂಟದಲ್ಲಿದ್ದವಳು ಪತ್ತಾಯ ತೆರೆಯಬಹುದಿತ್ತು, ಹೊರಬಾಗಿಲಿನ ಮಾತು ಹಾಗಿರಲಿಲ್ಲ. ಇಬ್ಸನ್‌ನ ‘ಗೊಂಬೆಯ ಮನೆ’ 1879ರ ನಾಟಕ. ಅದರ ಕೊನೆಗೆ ನೋರಾ ಹಾಕಿಕೊಂಡು ಹೋದ ಬಾಗಿಲಿನ ಸದ್ದನ್ನು ಜಗತ್ತೇ ಕೇಳಿಸಿಕೊಂಡಿತು. ಆ ಸದ್ದಿಗಿಂತ ಮೊದಲು ನಾಟಕದಲ್ಲಿ ಇನ್ನೊಂದು ಸಣ್ಣ ಬೀಗವಿದೆ. ಮನೆಯ ಅಂಚೆಪೆಟ್ಟಿಗೆಯ ಬೀಗದಕೈ ಗಂಡನ ಬಳಿ ಮಾತ್ರ ಇರುತ್ತದೆ. ನೋರಾಳ ಬದುಕನ್ನು ಬದಲಿಸುವ ಪತ್ರ ಅವಳ ಕಣ್ಣೆದುರೇ ಆ ಪೆಟ್ಟಿಗೆಯೊಳಗಿದೆ, ತೆಗೆಯಲು ಅವಳಿಗೆ ಕೈಯಿಲ್ಲ.

ನಮ್ಮಲ್ಲಿ ಇದಕ್ಕೆ ಹಳೆಯ ಉತ್ತರವೊಂದಿದೆ. ತುಳು ಪಾಡ್ದನದ ಸಿರಿ ಗಂಡ ಕಾಂತು ಪೂಂಜನನ್ನು ತಾನೇ ಬಿಟ್ಟು, ಕೂಸನ್ನು ಕರೆದುಕೊಂಡು ಹೊಸ್ತಿಲು ದಾಟಿ ಹೋದವಳು. ಅವಳ ಹೆಸರಿನಲ್ಲಿ ಇಂದಿಗೂ ಹೆಂಗಸರು ಜಾತ್ರೆಗಳಲ್ಲಿ ಸೇರುತ್ತಾರೆ. ಆದರೆ ಹೊಸಗನ್ನಡದ ಕಾದಂಬರಿಗೆ ಬಂದಾಗ ಆ ಧೈರ್ಯಕ್ಕೆ ದಾರಿ ಸುಲಭವಾಗಲಿಲ್ಲ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾಳ ತೊಂದರೆ ಗಂಡನ ಮನೆಯಲ್ಲ, ತಂದೆಯ ಮನೆ. ತವರಿಗೆ ಕರೆತಂದ ಮಗಳನ್ನು ತಂದೆ ಮರಳಿ ಕಳಿಸುವುದಿಲ್ಲ, ಹಟದಿಂದ ತಲಾಖ್ ಕೊಡಿಸುತ್ತಾನೆ. ಹೊಳೆಯ ಆಚೆ ಅವಳ ಮನೆಯಿದೆ, ಅಲ್ಲಿ ಬಾಗಿಲು ಮುಚ್ಚಿಲ್ಲ, ಗಂಡನಿಗೆ ಅವಳು ಬೇಕು. ಆದರೂ ಅಲ್ಲಿಗೆ ಮರಳಲು ಅವಳು ತೆರಬೇಕಾದ ಬೆಲೆ ಅವಳ ಮೈಯದು, ಮಾನದ್ದು. ಕೊನೆಗೆ ಅವಳಿಗೆ ಉಳಿಯುವುದು ಮಸೀದಿಯ ಕೆರೆ. ಕಾಸರಗೋಡಿನ ಹೊಳೆದಂಡೆಯ ಈ ಕಥೆ ಪುತ್ತೂರಿನಿಂದ ಬಹಳ ದೂರದ್ದಲ್ಲ, ಮುಸ್ಲಿಂ ಮನೆಗಳಿಗೆ ಮಾತ್ರ ಸೇರಿದ್ದೂ ಅಲ್ಲ. ಮಗಳ ‘ಸುರಕ್ಷತೆ’ಗೆಂದು ಫೋನಿಗೆ, ಹೊರಗಿನ ಊರಿನ ಓದಿಗೆ, ಸಂಜೆಯ ಬಸ್ಸಿಗೆ ಬೀಳುವ ಬೀಗಗಳನ್ನು ಬಲ್ಲ ಯಾವ ವಿದ್ಯಾರ್ಥಿನಿಗಾದರೂ ನಾದಿರಾ ಅಪರಿಚಿತಳಲ್ಲ. ಮನೆಯನ್ನು ಭದ್ರ ಮಾಡುವುದೆಂದರೆ ಹೊರಗಿನವರನ್ನು ಹೊರಗಿಡುವುದು ಎಂದು ನಾವು ತಿಳಿಯುತ್ತೇವೆ. ಒಳಗಿನವರನ್ನು ಒಳಗಿಡುವುದೂ ಅದೇ ಬೀಗ ಎಂಬುದನ್ನು ಸಾರಾ ನೆನಪಿಸುತ್ತಾರೆ.

*

ಹಾಗಾದರೆ ತೆರೆದ ಬಾಗಿಲಿನ ನೆನಪಿನಲ್ಲಿ ನಿಜವೆಂಬುದೇ ಇಲ್ಲವೇ? ಇದೆ. ಅದರ ಅತ್ಯುತ್ತಮ ರೂಪ 1943ರ ‘ಬೆಟ್ಟದ ಜೀವ’. ಸುಬ್ರಹ್ಮಣ್ಯದ ಸುತ್ತಿನ ಕಾಡಿನಲ್ಲಿ ದಾರಿ ತಪ್ಪಿದ ನಿರೂಪಕ ರಾತ್ರಿ ಹೊತ್ತು ಗೋಪಾಲಯ್ಯನವರ ಮನೆ ಸೇರುತ್ತಾನೆ. ಗೋಪಾಲಯ್ಯ, ಶಂಕರಿ ಅವನನ್ನು ಮಗನಂತೆ ನೋಡಿಕೊಳ್ಳುತ್ತಾರೆ, ಹೊರಡುತ್ತೇನೆಂದರೂ ಬಿಡುವುದಿಲ್ಲ. ಮೊದಲ ಓದಿಗೆ ಇದು ಅತಿಥಿ ಸತ್ಕಾರದ ಕಾದಂಬರಿ. ಎರಡನೆಯ ಓದಿಗೆ ಅದರೊಳಗಿನ ಹಳ್ಳ ಕಾಣತೊಡಗುತ್ತದೆ. ಆ ಮುದಿ ದಂಪತಿಯ ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಬಂದವನನ್ನು ಅವರು ಹಿಡಿದು ನಿಲ್ಲಿಸಿಕೊಳ್ಳುವ ಆತುರದಲ್ಲಿ, ಹೋದವನಿಗಾಗಿ ಕಾಯುವ ಸಂಕಟವಿದೆ. ಆ ಬಾಗಿಲು ಎಲ್ಲರಿಗೂ ತೆರೆದಿದೆ, ಏಕೆಂದರೆ ಅದು ಒಬ್ಬನಿಗಾಗಿ ತೆರೆದಿಟ್ಟ ಬಾಗಿಲು. ಬೀಗ ಹಾಕಿದ ಮನೆಗೆ ಮಗ ನಡುರಾತ್ರಿ ಬಂದರೆ ಏನು ಮಾಡುವುದು?

ಇದೇ ಕಾದಂಬರಿ ಭದ್ರತೆಯ ಬಗ್ಗೆ ಇನ್ನೊಂದು ಮಾತನ್ನೂ ಹೇಳುತ್ತದೆ. ಗೋಪಾಲಯ್ಯನ ಭಯ ಕಳ್ಳರದಲ್ಲ. ಹುಲಿ, ಆನೆಗಳದ್ದು, ಕಾಡು ಮತ್ತೆ ತೋಟವನ್ನು ನುಂಗುವುದರದ್ದು. ತಾನು ಕಡಿದು ಮಾಡಿದ ನೆಲವನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂಬುದು. ಈ ಭಯಕ್ಕೆ ಬೀಗವಿಲ್ಲ. ಎಂಬತ್ತು ವರ್ಷ ಕಳೆದರೂ ಆ ಭಯ ಹಳತಾಗಿಲ್ಲ. 2023ರ ಫೆಬ್ರವರಿಯಲ್ಲಿ ಕಡಬ ತಾಲ್ಲೂಕಿನ ರೆಂಜಿಲಾಡಿಯಲ್ಲಿ ಕಾಡಾನೆ ಇಬ್ಬರನ್ನು ಕೊಂದಿತು. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳನ್ನು ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿ ಠೇವಣಿ ಇಡಬೇಕಾಗಿ ಬರುವುದು ಇಲ್ಲಿನ ಕೃಷಿಕರ ನಿರಂತರ ದೂರು. ಅವರ ಆಸ್ತಿ ಬೀಗದ ಒಳಗೆ ಇರುವಂಥದ್ದೇ ಅಲ್ಲ. ಅಡಿಕೆ ಸುಲಿಯುವ ಮೊದಲು ಸುಮಾರು 40–45 ದಿನ ಅಂಗಳದ ಬಿಸಿಲಿನಲ್ಲಿ ಬಿದ್ದಿರಬೇಕು. ವರ್ಷದ ಆದಾಯವೆಲ್ಲ ತೆರೆದ ಆಕಾಶದ ಕೆಳಗೆ ಹರಡಿಕೊಂಡಿರುವಾಗ ಮುಂಬಾಗಿಲಿನ ಬೀಗಕ್ಕೆ ಏನು ಬೆಲೆ? ಅದನ್ನು ಕಾಯುತ್ತಿದ್ದದ್ದು ನಾಯಿ, ಜಗಲಿಯಲ್ಲಿ ಮಲಗುವ ಆಳು, ಮತ್ತು ದೈವ. ವಸ್ತು ಕಳೆದುಹೋದರೆ ಕೊರಗಜ್ಜನಿಗೆ ಹರಕೆ ಹೇಳಿಕೊಳ್ಳುವುದು ಇಲ್ಲಿ ಇಂದಿಗೂ ಎಲ್ಲ ಜಾತಿಯವರೂ ಮಾಡುವ ಕೆಲಸ. ಕೊರಗ ಸಮುದಾಯದವರನ್ನು ಅಂಗಳದ ಆಚೆ ನಿಲ್ಲಿಸಿದ ಮನೆಗಳೇ ತಮ್ಮ ಚಿನ್ನ ಹುಡುಕಿಕೊಡಲು ಅದೇ ಸಮುದಾಯದ ಅಜ್ಜನನ್ನು ಬೇಡಿಕೊಳ್ಳುತ್ತವೆ ಎಂಬುದನ್ನು ನಾವು ಭಕ್ತಿಯ ಭರದಲ್ಲಿ ಗಮನಿಸುವುದಿಲ್ಲ.

*

ಈಗಿನ ಮನೆಗೆ ಬರೋಣ. ಇಂದು ಈ ಮೂರು ತಾಲ್ಲೂಕುಗಳ ಒಳಭಾಗದಲ್ಲಿ ನಡೆದರೆ ಕಾಣುವುದು ಗೋಪಾಲಯ್ಯ–ಶಂಕರಿಯರ ಮನೆಗಳೇ. ಮಕ್ಕಳು ಬೆಂಗಳೂರಿನಲ್ಲಿ, ಕೊಲ್ಲಿಯಲ್ಲಿ, ಅಮೆರಿಕದಲ್ಲಿ. ತೋಟದ ನಡುವೆ ಇಬ್ಬರೇ ಮುದುಕರು, ಕೆಲವು ಕಡೆ ಒಬ್ಬರೇ. ಹತ್ತಿರದ ಮನೆ ಎಂದರೆ ಎರಡು ತೋಟ ದಾಟಿ. ಇವರ ಭಯ ಕಲ್ಪನೆಯದಲ್ಲ. ಒಂಟಿ ಮನೆಗೆ ನುಗ್ಗಿದವರ ಸುದ್ದಿಗಳನ್ನು ಅವರು ಪತ್ರಿಕೆಯಲ್ಲಿ ಓದುತ್ತಾರೆ. ಹಾಗಾಗಿ ಮಕ್ಕಳು ರಜೆಗೆ ಬಂದಾಗ ಕ್ಯಾಮೆರಾ ಹಾಕಿಸಿ ಹೋಗುತ್ತಾರೆ. ಬೆರಳಿಟ್ಟರೆ ತೆರೆಯುವ ಬೀಗ ಹಾಕಿಸುತ್ತಾರೆ. ಅಡಿಕೆ ಸುಲಿದು ಸುಲಿದು, ಸೊನೆ ತಾಗಿ ಸವೆದ ಬೆರಳನ್ನು ಅದು ಎಷ್ಟೋ ಸಲ ಗುರುತಿಸುವುದಿಲ್ಲ. ‘ಬೆಟ್ಟದ ಜೀವ’ದಲ್ಲಿ ತಂದೆತಾಯಿ ಮಗನಿಗಾಗಿ ಬಾಗಿಲು ನೋಡುತ್ತಿದ್ದರು. ಈಗ ಮಗ ದೂರದ ಊರಿನಿಂದ ಫೋನಿನಲ್ಲಿ ತಂದೆತಾಯಿಯ ಬಾಗಿಲು ನೋಡುತ್ತಾನೆ. ಶಂಭು ಮರಳಲಿಲ್ಲ, ಆದರೆ ಅವನಿಗೆ ಅಂಗಳ ಕಾಣಿಸುತ್ತದೆ. ಇದು ವ್ಯಂಗ್ಯವಲ್ಲ. ಅವನ ಕಾಳಜಿಯೂ ನಿಜ, ಅಂಗಳದಲ್ಲಿ ಬಿದ್ದವರನ್ನು ಎತ್ತಲು ಅವನಿಂದ ಆಗುವುದಿಲ್ಲ ಎಂಬುದೂ ನಿಜ. ಬೀಗ ಕೊಡುವ ಆ ಸ್ವಲ್ಪ ಸಮಯದಲ್ಲಿ ಓಡಿಬರುವ ನೆರೆಮನೆ ಇದ್ದರೆ ಮಾತ್ರ ಕ್ಯಾಮೆರಾಕ್ಕೂ ಅರ್ಥ.

ಆ ನೆರೆ ಎಲ್ಲಿದೆ ಎಂಬುದು ಕೊನೆಯ ಮತ್ತು ಕಷ್ಟದ ಪ್ರಶ್ನೆ. 2022ರ ಜುಲೈ ಉತ್ತರಾರ್ಧದಲ್ಲಿ ಬೆಳ್ಳಾರೆ, ಸುರತ್ಕಲ್ ಕಡೆ ಯುವಕರ ಕೊಲೆಗಳಾದಾಗ ಜಿಲ್ಲೆಯಲ್ಲಿ ಕೆಲವು ದಿನ ಸಂಜೆ ಆರಕ್ಕೇ ಅಂಗಡಿಗಳು ಬಾಗಿಲು ಹಾಕಬೇಕಾಯಿತು. 1837ರಲ್ಲಿ ಖಜಾನೆಯ ಎದುರು ರೈತರು ಒಟ್ಟಾಗಿ ನಿಂತ ಅದೇ ಬೆಳ್ಳಾರೆ. ಅಂಥ ದಿನಗಳಲ್ಲಿ ಬಾಗಿಲು ಹಾಕಿಕೊಂಡದ್ದು ಯಾವುದೋ ಊರಿನ ಕಳ್ಳನಿಗೆ ಹೆದರಿ ಅಲ್ಲ, ಹೆಸರು ಹಿಡಿದು ಕರೆಯಬಲ್ಲ ನೆರೆಯವನಿಗೆ ಹೆದರಿ. ಬೊಳುವಾರರು ಮುತ್ತುಪ್ಪಾಡಿ ಎಂಬ ಊರನ್ನು ಕಲ್ಪಿಸಿ ದಶಕಗಳ ಕಾಲ ಬರೆಯುತ್ತ ಬಂದದ್ದು ಈ ಭಯದ ಎದುರಿಗೆ. ಅವರ ಒಂದು ಪ್ರಸಿದ್ಧ ಕಥೆಯ ಹೆಸರೇ ‘ಒಂದು ತುಂಡು ಗೋಡೆ’. ಆ ಊರಿನಲ್ಲಿ ಜನ ಸಂತರಲ್ಲ, ಸಣ್ಣತನವಿದೆ, ಜಗಳವಿದೆ. ಆದರೆ ಜಗಳವಾಡಲು ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಬರುತ್ತಾರೆ. ಅಂಗಳಕ್ಕೆ ಬಂದು ಜಗಳವಾಡುವ ನೆರೆಯವನಿಗಿಂತ ದೊಡ್ಡ ಭದ್ರತೆಯನ್ನು ಯಾವ ಬೀಗದ ಕಂಪನಿಯೂ ಮಾರಲಾರದು.

ಎ.ಕೆ. ರಾಮಾನುಜನ್ ತಮ್ಮ ಜಾನಪದದ ಬರಹದಲ್ಲಿ ಒಂದು ಕಥೆ ಹೇಳುತ್ತಾರೆ. ಮುದುಕಿಯೊಬ್ಬಳು ಬೀದಿದೀಪದ ಕೆಳಗೆ ಬೀಗದಕೈ ಹುಡುಕುತ್ತಿರುತ್ತಾಳೆ. ಕಳೆದದ್ದು ಎಲ್ಲಿ ಎಂದರೆ ಬಹುಶಃ ಮನೆಯೊಳಗೆ ಎನ್ನುತ್ತಾಳೆ. ಇಲ್ಲೇಕೆ ಹುಡುಕುತ್ತೀ ಎಂದರೆ, ಒಳಗೆ ಕತ್ತಲೆ, ಇಲ್ಲಿ ಬೆಳಕಿದೆ ಎನ್ನುತ್ತಾಳೆ. ರಾಮಾನುಜನ್ ಇದನ್ನು ಸಂಸ್ಕೃತದ ಬೆಳಕಿನಲ್ಲಷ್ಟೇ ಭಾರತವನ್ನು ಹುಡುಕುವವರ ಬಗ್ಗೆ ಹೇಳಿದರು. ‘ಆಗ ಬೀಗವೇ ಇರಲಿಲ್ಲ’ ಎಂಬ ನೆನಪು ಕೂಡ ಅಂಥದೇ ಬೀದಿದೀಪ. ಅದರ ಕೆಳಗೆ ಎಲ್ಲವೂ ಚೆನ್ನಾಗಿ ಕಾಣುತ್ತದೆ, ಕಳೆದದ್ದು ಮಾತ್ರ ಸಿಗುವುದಿಲ್ಲ. ಅದು ಇರುವುದು ಒಳಗೆ: ಸಂಕಪ್ಪಯ್ಯನ ಅಂಗಳದ ಅಂಚಿನಲ್ಲಿ, ನಾದಿರಾಳ ಕೋಣೆಯಲ್ಲಿ, ಬೀಗ ಹಾಕಿದ ಪತ್ತಾಯದ ಪಕ್ಕ ಹಸಿದು ಮಲಗಿದ ಮಗುವಿನ ಬಳಿ.

ಆದ್ದರಿಂದ ಮುಂದಿನ ಸಲ ಯಾರಾದರೂ ಬೀಗವಿಲ್ಲದ ಮನೆಯ ಬಗ್ಗೆ ಬರೆದಾಗ ಮೂರು ಪ್ರಶ್ನೆ ಕೇಳಿ. ಆ ಮನೆಯನ್ನು ಯಾರು ಕಾಯುತ್ತಿದ್ದರು? ತೆರೆದ ಬಾಗಿಲಿನ ಎದುರೂ ಒಳಗೆ ಬರಲಾಗದವರು ಯಾರು? ಒಳಗಿನಿಂದ ಹೊರಗೆ ಹೋಗಲಾಗದವರು ಯಾರು? ಈ ಮೂವರ ಕಡೆಯಿಂದ ಬರೆದ ಪುತ್ತೂರು, ಸುಳ್ಯ, ಕಡಬದ ಕಥೆಗಳು ನಮಗೆ ಬೇಕಾಗಿವೆ. ಕ್ವಾರ್ಟರ್ಸಿನ ಬೀಗದಕೈ ಮರಳಿಸಬೇಕಾದ ರಬ್ಬರ್ ಕಾರ್ಮಿಕನ ಕಥೆ, ತನ್ನ ಬೆರಳನ್ನೇ ಗುರುತಿಸದ ಬಾಗಿಲಿನ ಮುಂದೆ ಅಡಿಕೆ ಚೀಲ ಹಿಡಿದು ನಿಂತ ಅಜ್ಜಿಯ ಕಥೆ, ಆ ಅಜ್ಜಿ ಕೂಗಿದರೆ ತಡಮೆ ದಾಟಿ ಬರಬೇಕೋ ಬೇಡವೋ ಎಂದು ಅಳೆಯುವ ಪಕ್ಕದ ತೋಟದ ಹುಡುಗನ ಕಥೆ. ಅವನು ದಾಟಿ ಬರುವನೇ ಎಂಬುದರ ಮೇಲೆ ಈ ಸೀಮೆಯ ಮನೆಗಳ ಭದ್ರತೆ ನಿಂತಿದೆ.